26 ಡಾಲರಿನ ನೌಕರಿ

“ಫ್ಯಾಕ್ಟರಿ ಬೇಡ ಅಂದ್ರೆ ಕೆಲಸ ಎಲ್ಲಿಂದ ತರ್ತೀರಿ ಸಾರ್? ಮೇಲಿಂದ ಉದುರುತ್ತಾ?”

ಕೇಳಿದವರು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಲೈನ್ ಸೂಪರ್‌ವೈಸರ್ ಆಗಿ, ಕೊನೆಗೆ ಇಥಿಯೋಪಿಯಾದ ಹವಾಸಾ ಎಂಬ ಊರಿಗೆ ಟ್ರೈನರ್ ಆಗಿ ಹೋಗಿ ಬಂದ ಹೆಂಗಸು. ಕೇಳಿಸಿಕೊಂಡವರು ಅದೇ ದೇಶದ ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಮೈಸೂರು ಕಡೆಯ ಮೇಷ್ಟ್ರು. ಅಲ್ಲಿದ್ದಾಗ ಇಬ್ಬರಿಗೂ ಪರಿಚಯವಿರಲಿಲ್ಲ. ಇಲ್ಲಿ ಒಂದೇ ಬಡಾವಣೆಗೆ ಬಂದು ಸೇರಿದ ಮೇಲೆ ವಿಷಯ ಹೊರಬಿತ್ತು. ಈಗ ಸಿಕ್ಕಾಗಲೆಲ್ಲ ಇದೇ ಜಗಳ. ಅಸಲಿಗೆ ಮೇಷ್ಟ್ರು ಫ್ಯಾಕ್ಟರಿ ಬೇಡ ಎಂದಿರಲಿಲ್ಲ. 12 ಕೋಟಿ ದಾಟಿದ ಜನಸಂಖ್ಯೆಯ ದೇಶ, ವರ್ಷಕ್ಕೆ ಸುಮಾರು 20 ಲಕ್ಷ ಹುಡುಗ ಹುಡುಗಿಯರು ದುಡಿಮೆಗೆ ಕೈ ಚಾಚುತ್ತಾರೆ, ಅಂಥ ಕಡೆ ಒಂದಷ್ಟು ಶೆಡ್ ಎಬ್ಬಿಸಿ ‘ಉದ್ಯೋಗ ಸೃಷ್ಟಿಸಿದೆವು’ ಎಂದು ಬೀಗಿದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ ಎಂದಷ್ಟೇ ಅವರು ಹೇಳಿದ್ದು.

“ಒಂದಷ್ಟಲ್ಲ, ಐವತ್ತೆರಡು ಶೆಡ್,” ಎಂದು ಆಕೆ ತಿದ್ದಿದರು. “ಒಂದೊಂದೂ ನಮ್ಮ ಪೀಣ್ಯದ ಫ್ಯಾಕ್ಟರಿಗಳನ್ನ ನಾಚಿಸೋ ಹಾಗಿತ್ತು.”

ಆಕೆಯ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ರಾಜಧಾನಿ ಅಡಿಸ್ ಅಬಾಬಾದಿಂದ ದಕ್ಷಿಣಕ್ಕೆ ಸುಮಾರು 275 ಕಿ.ಮೀ. ದೂರದ ಹವಾಸಾದಲ್ಲಿ, ದೊಡ್ಡದೊಂದು ಸರೋವರದ ಊರಿನಲ್ಲಿ, ಇಥಿಯೋಪಿಯಾ ಸರ್ಕಾರ 2016ರ ಜುಲೈನಲ್ಲಿ ಕೈಗಾರಿಕಾ ಪಾರ್ಕ್ ತೆರೆಯಿತು. ಚೀನಾದ ಸರ್ಕಾರಿ ಕಂಪನಿ ಒಂಬತ್ತು ತಿಂಗಳಲ್ಲಿ ಅದನ್ನು ಕಟ್ಟಿ ನಿಲ್ಲಿಸಿತು. ಖರ್ಚು ಸುಮಾರು 25 ಕೋಟಿ ಡಾಲರ್. ಸರೋವರದಿಂದ ಹೊರಗೆ ಹರಿಯುವ ನದಿಯಿಲ್ಲ, ಕೊಳಕು ಬಿಟ್ಟರೆ ಅಲ್ಲೇ ಉಳಿಯುತ್ತದೆ. ಹಾಗಾಗಿ ಒಂದು ಹನಿ ಕೊಳೆನೀರೂ ಆಚೆ ಹೋಗದಂಥ ಸಂಸ್ಕರಣಾ ಘಟಕ ಹಾಕಿದರು, ಅದರಲ್ಲಿ ಭಾರತದ ಕಂಪನಿಯ ಕೈಯಿತ್ತು. ಕ್ಯಾಲ್ವಿನ್ ಕ್ಲೈನ್, ಟಾಮಿ ಹಿಲ್ಫಿಗರ್ ಬ್ರ್ಯಾಂಡ್‌ಗಳ ಒಡೆಯ ಪಿವಿಎಚ್ ಮುಂದೆ ನಿಂತು ತನ್ನ ಪೂರೈಕೆದಾರರನ್ನು ಕರೆತಂದಿತು. ಭಾರತದ ಅರವಿಂದ್, ರೇಮಂಡ್ ಬಂದವು. ಶ್ರೀಲಂಕಾ, ಇಂಡೋನೇಷ್ಯಾ, ಚೀನಾದವರೂ ಬಂದರು. ಗುರಿ: 60,000 ಉದ್ಯೋಗ.

“ಅರವತ್ತು ಸಾವಿರ ಮುಟ್ಟಿತಾ?” ಮೇಷ್ಟ್ರು ಕೇಳಿದರು. ಉತ್ತರ ಅವರಿಗೂ ಗೊತ್ತು.

“ಮೂವತ್ತು ಸಾವಿರ ದಾಟಿತ್ತು ಸಾರ್. ಅದೇನು ಕಮ್ಮಿನಾ? ಅಷ್ಟರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹೆಣ್ಣುಮಕ್ಕಳು. ಅವರ ಅಮ್ಮಂದಿರ ಕೈಗೆ ಯಾವತ್ತಾದ್ರೂ ಸಂಬಳ ಅಂತ ಬಂದಿತ್ತಾ?”

ಹುಡುಗಿಯರು ಸಿದಾಮ, ವೊಲಾಯ್ತ ಸೀಮೆಯ ಹಳ್ಳಿಗಳಿಂದ ಬರುತ್ತಿದ್ದರು. ಹತ್ತನೇ ತರಗತಿವರೆಗೆ ಓದಿದವರು ಬಹಳ. ಅವರಿಗೆ ಹೊಲಿಗೆ ಕಲಿಸುವುದು ಆಕೆಯ ಕೆಲಸ. “ಪೆಡಲ್ ಮೇಲೆ ಕಾಲಿಟ್ಟ ತಕ್ಷಣ ಪೂರ್ತಿ ಒತ್ತಿಬಿಡೋರು. ಕರೆಂಟ್ ಮಿಷನ್ ಅಲ್ವಾ, ಬುರ್ ಅಂತ ಓಡಿ ಬಟ್ಟೆನ ಕೈಯಿಂದ ಕಿತ್ಕೊಂಡು ಹೋಗೋದು. ಅರ್ಧ ಪೆಡಲ್ ಒತ್ತೋದನ್ನ ಕಾಲಿಗೆ ಕಲಿಸೋದೇ ಮೊದಲ ಪಾಠ. ದಾರ ಹಾಕದೆ ಕಾಗದದ ಮೇಲೆ ಸೂಜಿ ಓಡಿಸ್ತಿದ್ವಿ. ಮೊದಲು ನೇರ ಗೆರೆ, ಆಮೇಲೆ ಮೂಲೆ ತಿರುಗಿಸೋದು, ಆಮೇಲೆ ಸುರುಳಿ. ಕಾಗದದಲ್ಲಿ ತೂತು ಗೆರೆ ಮೇಲೇ ಬಿದ್ದಿದ್ರೆ ಬಟ್ಟೆ ಕೊಡ್ತಿದ್ವಿ.” ಅಮ್ಹಾರಿಕ್ ಭಾಷೆಯಲ್ಲಿ ಆಕೆಗೆ ಬರುತ್ತಿದ್ದದ್ದು ಕೆಲವೇ ಮಾತು. ಹೆಚ್ಚಿನ ಪಾಠ ಅವರ ಮೊಣಕಾಲಿನ ಮೇಲೆ ಕೈಯಿಟ್ಟು, ಎಷ್ಟು ಒತ್ತಬೇಕೆಂದು ತೋರಿಸಿಯೇ ಆಗುತ್ತಿತ್ತು.

“ಕಾಲರ್, ಕಫ್ ಕೂರಿಸೋ ಆಪರೇಟರ್ ತಯಾರಾಗೋಕೆ ಆರು ತಿಂಗಳಾದ್ರೂ ಬೇಕು. ಮೂರನೇ ತಿಂಗಳಿಗೆ ನೋಡಿದ್ರೆ ಮಿಷನ್ ಮುಂದೆ ಬೇರೆ ಹುಡುಗಿ ಕೂತಿರೋಳು. ಮತ್ತೆ ಕಾಗದ, ಮತ್ತೆ ನೇರ ಗೆರೆ.”

“ಯಾಕೆ ಬಿಟ್ಟು ಹೋಗ್ತಿದ್ರು ಅಂತ ಕೇಳಿದ್ರಾ?”

“ಕೇಳೋದೇನು ಬಂತು? ಬಾಡಿಗೆ.”

ಪಾರ್ಕ್ ಕಟ್ಟುವಾಗ ಶೆಡ್ಡಿಗೆ, ರಸ್ತೆಗೆ, ನೀರಿನ ಘಟಕಕ್ಕೆ ದುಡ್ಡಿತ್ತು. ಹುಡುಗಿಯರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಯೋಚನೆ ಹಿಂದೆ ಬಿತ್ತು. ಸಾವಿರಾರು ಜನ ಒಮ್ಮೆಲೇ ಬಂದಿಳಿದಾಗ ಊರಿನವರು ಬಾಡಿಗೆ ಏರಿಸಿದರು. ಒಂದು ಕೋಣೆಗೆ ನಾಲ್ಕು ಜನ, ನೆಲದ ಮೇಲೆ ಹಾಸಿಗೆ. ಕೆಲಸ ಬಿಡುವಷ್ಟರಲ್ಲಿ ಕತ್ತಲು. ಬಸ್ಸು ಇಳಿದ ಕಡೆಯಿಂದ ಮಣ್ಣು ರಸ್ತೆಯಲ್ಲಿ ನಡೆದು ಹೋಗಬೇಕು, ದಾರಿಯಲ್ಲಿ ಕಾಟ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಕೇಂದ್ರದ ಸಂಶೋಧಕರು ಹವಾಸಾಗೆ ಹೋಗಿ 2019ರಲ್ಲಿ ಒಂದು ವರದಿ ಬರೆದರು. ಅದರ ಪ್ರಕಾರ ಹೊಸಬಳ ಮೂಲ ಸಂಬಳ ತಿಂಗಳಿಗೆ 26 ಡಾಲರ್. ಜಗತ್ತಿಗೆ ಬಟ್ಟೆ ಹೊಲಿಯುವ ದೇಶಗಳಲ್ಲೇ ಅತಿ ಕಡಿಮೆ. ಅದೇ ವರದಿಯಲ್ಲಿ ಪಕ್ಕದ ಕೀನ್ಯಾದ ಅಂಕಿ 207 ಡಾಲರ್, ಚೀನಾದ್ದು 326. ಬೆಂಗಳೂರಿನಲ್ಲಿ ಆಗ ಗಾರ್ಮೆಂಟ್ಸ್ ಕೆಲಸಕ್ಕೆ ಸಿಗುತ್ತಿದ್ದದ್ದು ಹವಾಸಾದ ನಾಲ್ಕು ಪಟ್ಟಿನಷ್ಟು, ಅದರ ಮೇಲೆ ಪಿಎಫ್, ಇಎಸ್‌ಐ. ಇಥಿಯೋಪಿಯಾದಲ್ಲಿ ಖಾಸಗಿ ಕೆಲಸಕ್ಕೆ ಕನಿಷ್ಠ ವೇತನದ ಕಾನೂನೇ ಇರಲಿಲ್ಲ. ಆ 26 ಡಾಲರನ್ನೇ ಸರ್ಕಾರ ಹೂಡಿಕೆದಾರರಿಗೆ ಆಮಿಷವಾಗಿ ತೋರಿಸಿತ್ತು.

“ನಿಮ್ಮ ಪುಸ್ತಕದಲ್ಲಿ ಇದಕ್ಕೆ ಏನೋ ಹೆಸರಿರಬೇಕು,” ಎಂದು ಆಕೆ ಕುಟುಕಿದರು.

“ಹೆಸರು ಬಿಡಿ ಅಮ್ಮಾ. ಸಂಬಳ ಕಡಿಮೆ ಅಂತ ಕಂಪನಿ ಬಂತು. ಸಂಬಳ ಕಡಿಮೆ ಅಂತಲೇ ಹುಡುಗಿ ಹೋದಳು. ಹುಡುಗಿ ಹೋದದ್ದಕ್ಕೆ ಕೆಲಸದ ವೇಗ ಬರಲಿಲ್ಲ. ವೇಗ ಬರಲಿಲ್ಲ ಅಂತ ಕಂಪನಿ ಸಂಬಳ ಏರಿಸಲಿಲ್ಲ. ಇದರಲ್ಲಿ ಯಾರಿಗೆ ಅಗ್ಗವಾಯ್ತು, ಹೇಳಿ?”

ಆಕೆ ಒಪ್ಪಲಿಲ್ಲ. ಬೆಂಗಳೂರಿನಲ್ಲೂ ಶುರುವಿಗೆ ಹೀಗೇ ಇತ್ತು ಎಂಬುದು ಅವರ ವಾದ. ಮಂಡ್ಯ, ತುಮಕೂರು, ರಾಮನಗರದ ಹಳ್ಳಿಗಳಿಂದ ಬಂದ ಹೆಂಗಸರು ಮೂರು ತಿಂಗಳಿಗೊಮ್ಮೆ ಫ್ಯಾಕ್ಟರಿ ಬದಲಾಯಿಸುತ್ತಿದ್ದರು; ಬೈಗುಳ ತಿಂದರು, ಟಾರ್ಗೆಟ್‌ಗೆ ಹೆದರಿ ನೀರು ಕುಡಿಯುವುದನ್ನೂ ಬಿಟ್ಟರು. ಆದರೂ ನಿಂತವರು ನಿಂತರು. ಪಿಎಫ್‌ನ ಪೂರ್ತಿ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ತಂದ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಅದೇ ಹೆಂಗಸರು ಯಾವ ನಾಯಕರ ಕರೆಯೂ ಇಲ್ಲದೆ ಬೀದಿಗಿಳಿದು ಬೆಂಗಳೂರನ್ನು ನಿಲ್ಲಿಸಿದರು. ಎರಡನೇ ದಿನಕ್ಕೆ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. “ಹೊಸೂರು ರೋಡ್‌ನಲ್ಲಿ ನಾನೂ ಇದ್ದೆ ಸಾರ್. ಕಳ್ಕೊಳ್ಳೋಕೆ ಒಂದು ಪಿಎಫ್ ಅಂತ ಇತ್ತಲ್ಲ, ಅದಕ್ಕೇ ಬೀದಿಗೆ ಬಂದ್ವಿ. ಆ ಮಟ್ಟಕ್ಕೆ ಬರೋಕೆ ನಮಗೆ ಮೂವತ್ತು ವರ್ಷ ಹಿಡೀತು. ಹವಾಸಾಗೆ ಆರು ವರ್ಷ ಕೂಡ ಕೊಡಲಿಲ್ಲ.”

ಅಂದರೆ ಕಾಲ ಕೊಟ್ಟಿದ್ದರೆ ಸರಿಹೋಗುತ್ತಿತ್ತು ಎಂದರ್ಥ. ಮೇಷ್ಟ್ರ ಬತ್ತಳಿಕೆಯಲ್ಲಿ ಇದಕ್ಕೆ ಒಂದು ಬಾಣವಿತ್ತು.

ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಸ್ಟೆಫಾನ್ ಡೆರ್ಕಾನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇಥಿಯೋಪಿಯಾದಲ್ಲೇ ಒಂದು ಪ್ರಯೋಗ ಮಾಡಿದ್ದರು. ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹೂವಿನ ತೋಟ, ಬಾಟಲಿ ನೀರು, ಶೂ ಹೀಗೆ ಐದು ಕಂಪನಿಗಳಿಗೆ ಕೆಲಸ ಕೇಳಿಕೊಂಡು ಬಂದ ಸುಮಾರು ಸಾವಿರ ಮಂದಿಯನ್ನು ಚೀಟಿ ಎತ್ತಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಆ ಕೆಲಸ. ಇನ್ನೊಂದಕ್ಕೆ ಕೆಲಸವಿಲ್ಲ, ಬದಲಿಗೆ 300 ಡಾಲರ್ ನಗದು ಮತ್ತು ಕೆಲವು ದಿನದ ವ್ಯಾಪಾರ ತರಬೇತಿ. ಮೂರನೆಯದಕ್ಕೆ ಏನೂ ಇಲ್ಲ.

“ಕೆಲಸ ಸಿಕ್ಕಿದವರಲ್ಲಿ ಮೂರನೇ ಒಂದು ಪಾಲು ಮೊದಲ ತಿಂಗಳಲ್ಲೇ ಬಿಟ್ಟರು. ವರ್ಷ ತುಂಬೋದರೊಳಗೆ ನೂರಕ್ಕೆ 77 ಜನ. ಮೂರನೇ ಗುಂಪಿದೆಯಲ್ಲ, ಏನೂ ಸಿಗದವರು, ಅವರು ಸುಮ್ಮನೆ ಕೂತಿರಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರಿದರು, ಗಾರೆ ಕೆಲಸಕ್ಕೆ ಹೋದರು, ಹೊಲಕ್ಕೆ ಹೋದರು. ಅವರ ಸಂಪಾದನೆ ಫ್ಯಾಕ್ಟರಿಯವರಷ್ಟೇ ಇತ್ತು! ಫ್ಯಾಕ್ಟರಿಯವರಿಗೆ ಹೆಚ್ಚಾಗಿ ಸಿಕ್ಕಿದ್ದು ರಾಸಾಯನಿಕದ ಹೊಗೆ, ಸುಸ್ತು, ಕಾಯಿಲೆ. 300 ಡಾಲರ್ ಪಡೆದವರ ಆದಾಯ ಮಾತ್ರ ಮೂರನೇ ಒಂದು ಪಾಲು ಏರಿತ್ತು.”

“ಆಯ್ತು, ಎಲ್ಲರಿಗೂ ಮುನ್ನೂರು ಡಾಲರ್ ಕೊಟ್ಟು ಕೈ ತೊಳ್ಕೊಳ್ಳಿ,” ಎಂದರು ಆಕೆ.

ಮೇಷ್ಟ್ರು ಪ್ರಾಮಾಣಿಕ ಮನುಷ್ಯ. ಕಥೆಯ ಉಳಿದರ್ಧವನ್ನೂ ಹೇಳಿದರು. ಅದೇ ಸಂಶೋಧಕರು ಐದು ವರ್ಷ ಬಿಟ್ಟು ಅದೇ ಜನರನ್ನು ಹುಡುಕಿಕೊಂಡು ಹೋದರು. ಮೂರೂ ಗುಂಪಿನ ಆದಾಯ ಒಂದೇ ಸಮಕ್ಕೆ ಬಂದಿತ್ತು. ಹಣ ಪಡೆದವರ ಮುನ್ನಡೆ ಕರಗಿಹೋಗಿತ್ತು, ಕೆಲಸ ಪಡೆದವರ ಕಾಯಿಲೆಯ ವ್ಯತ್ಯಾಸವೂ. ಇಷ್ಟು ಕೇಳಿದ ಮೇಲೆ ಆಕೆ ಗೆದ್ದೆನೆಂದು ಹಿಗ್ಗಬಹುದಿತ್ತು. ಬದಲಿಗೆ ಬೇರೆಯದೇ ಕೇಳಿದರು: “ಹಾಗಾದ್ರೆ ಕೆಲಸ ಕೇಳ್ಕೊಂಡು ಗೇಟ್ ಹತ್ರ ಯಾಕೆ ನಿಲ್ತಿದ್ರು? ದಿನಾ ಬೆಳಗ್ಗೆ ನಿಂತಿರೋರು. ನಾನೇ ನೋಡಿದೀನಿ.”

ಈ ಪ್ರಶ್ನೆಯಲ್ಲಿ ತೂಕವಿದೆ. ಅದಕ್ಕೆ ಸಂಶೋಧಕರೂ ಉತ್ತರ ಹುಡುಕಿದ್ದರು. ಮಳೆ ಕೈಕೊಟ್ಟಾಗ, ಸಂತೆ ಮಂಕಾದಾಗ, ಮನೆಯಲ್ಲಿ ಜಗಳವಾದಾಗ ಜನ ಫ್ಯಾಕ್ಟರಿಗೆ ಬರುತ್ತಾರೆ. ಸುಧಾರಿಸಿದ ಮೇಲೆ ಬಿಡುತ್ತಾರೆ. ಸರ್ಕಾರ ಫ್ಯಾಕ್ಟರಿಯನ್ನು ಏಣಿ ಎಂದುಕೊಂಡು ಕಟ್ಟಿತು, ಜನ ಅದನ್ನು ಛತ್ರದ ಹಾಗೆ ಬಳಸಿದರು.

ಇಷ್ಟಾದರೂ ಛತ್ರ ಕೆಟ್ಟದ್ದೇನಲ್ಲ. ಆಪತ್ತಿಗೆ ಒದಗುವ ಕೆಲಸಕ್ಕೂ ಬೆಲೆಯಿದೆ. ಅದನ್ನು ದೇಶದ ಭವಿಷ್ಯ ಎಂದು ಮಾರಾಟ ಮಾಡಿದ್ದರಿಂದ ತೊಡಕಾಯಿತು.

ಮಾತು ನಿರುದ್ಯೋಗದ ಅಂಕಿಗೆ ಹೊರಳಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಲ್ಲಿ ಇಥಿಯೋಪಿಯಾದ ಒಟ್ಟು ನಿರುದ್ಯೋಗ ಶೇ. 5ಕ್ಕಿಂತ ಕಡಿಮೆ. ಅದಕ್ಕಿಂತ ಎಷ್ಟೋ ಸಿರಿವಂತ ದೇಶವಾದ ದಕ್ಷಿಣ ಆಫ್ರಿಕಾದಲ್ಲಿ ಶೇ. 30ಕ್ಕೂ ಹೆಚ್ಚು. ಆಕೆಗೆ ನಗು ಬಂತು. “ಅಂದ್ರೆ ಇಥಿಯೋಪಿಯಾನೇ ವಾಸಿ!”

ವಾರದಲ್ಲಿ ಒಂದು ಗಂಟೆ ಸಂಪಾದನೆಗಾಗಿ ದುಡಿದಿದ್ದರೂ ಲೆಕ್ಕದಲ್ಲಿ ಉದ್ಯೋಗಿಯೇ ಎಂದು ಮೇಷ್ಟ್ರು ವಿವರಿಸಿದರು. ದಕ್ಷಿಣ ಆಫ್ರಿಕಾದಲ್ಲಿ ಅಜ್ಜಿಗೆ ಪಿಂಚಣಿ ಬರುತ್ತದೆ, ಮಗುವಿಗೆ ಭತ್ಯೆ ಬರುತ್ತದೆ, ಮನೆಯಲ್ಲೊಬ್ಬ ಕೆಲಸ ಹುಡುಕುತ್ತ ಕೂರಬಲ್ಲ. ಅಲ್ಲಿ ವರ್ಣಭೇದದ ಕಾಲದಲ್ಲಿ ಕಪ್ಪು ಜನರ ಸಣ್ಣ ವ್ಯಾಪಾರವನ್ನೂ ಬೇಸಾಯವನ್ನೂ ಹೊಸಕಿ ಹಾಕಿದ್ದರಿಂದ ಬೀದಿ ಬದಿಯ ದುಡಿಮೆ ಅಷ್ಟಾಗಿ ಬೆಳೆಯಲಿಲ್ಲ. ಇಥಿಯೋಪಿಯಾದ ಬಡವನಿಗೆ ನಿರುದ್ಯೋಗಿಯಾಗಿರುವ ಸೌಕರ್ಯವಿಲ್ಲ. ಶೂ ಪಾಲಿಶ್ ಪೆಟ್ಟಿಗೆ ಹಿಡಿದು ಬೀದಿಗಿಳಿಯುತ್ತಾನೆ, ಲಾಟರಿ ಚೀಟಿ ಮಾರುತ್ತಾನೆ, ನೀಲಿ ಬಜಾಜ್ ಆಟೊವನ್ನು ದಿನಬಾಡಿಗೆಗೆ ಓಡಿಸುತ್ತಾನೆ. ಹೆಣ್ಣುಮಕ್ಕಳು ರಸ್ತೆ ಬದಿ ಪುಟ್ಟ ಮಣೆ ಹಾಕಿ, ಇದ್ದಿಲ ಒಲೆಯ ಮೇಲೆ ಕಪ್ಪು ಮಣ್ಣಿನ ಹೂಜಿಯಿಟ್ಟು ಕಾಫಿ ಕಾಯಿಸುತ್ತಾರೆ. ಹಿಡಿಯಿಲ್ಲದ ಪುಟ್ಟ ಬಟ್ಟಲು, ಪಕ್ಕದಲ್ಲಿ ಧೂಪ. ಬೆಳಗಿನಿಂದ ಸಂಜೆವರೆಗೆ ಕೂತರೆ ಅಂದಂದಿನ ಊಟಕ್ಕೆ ಆಗುತ್ತದೆ. ಸಮೀಕ್ಷೆಯವರು ಬಂದು ಕೇಳಿದರೆ ಅವರೆಲ್ಲ ಉದ್ಯೋಗಿಗಳು.

“ನಿಜವಾದ ನಿರುದ್ಯೋಗಿ ಯಾರು ಗೊತ್ತಾ? ನಮ್ಮ ವಿದ್ಯಾರ್ಥಿ,” ಎಂದರು ಮೇಷ್ಟ್ರು. ದನಿ ಸ್ವಲ್ಪ ಗಡುಸಾಯಿತು.

1990ರ ದಶಕದ ಶುರುವಿನಲ್ಲಿ ಬೆರಳೆಣಿಕೆಯಷ್ಟು ಉನ್ನತ ಶಿಕ್ಷಣ ಸಂಸ್ಥೆಗಳಿದ್ದ ದೇಶದಲ್ಲಿ ಮುಂದಿನ ಎರಡೂವರೆ ದಶಕದಲ್ಲಿ 40ಕ್ಕೂ ಹೆಚ್ಚು ಸರ್ಕಾರಿ ವಿಶ್ವವಿದ್ಯಾಲಯಗಳು ಎದ್ದವು. ಕಲಿಸುವವರು ಸಾಲದೆ ಭಾರತದಿಂದ ನೂರಾರು ಮಂದಿಯನ್ನು ಕರೆಸಿಕೊಂಡರು. ಮೇಷ್ಟ್ರು ಹೋದದ್ದೂ ಹಾಗೆಯೇ. ಪದವೀಧರರು ಹೊರಬಂದಷ್ಟು ವೇಗವಾಗಿ ಅವರಿಗೆ ಒಗ್ಗುವ ಕೆಲಸ ಹುಟ್ಟಲಿಲ್ಲ. 2000ದ ದಶಕದ ಮಧ್ಯದಲ್ಲಿ ಜರ್ಮನಿಯ ನೆರವಿನಿಂದ ದಿರೆ ದಾವಾ ಊರಿನಲ್ಲಿ ಕಲ್ಲುಹಾಸಿನ ರಸ್ತೆಯ ಯೋಜನೆ ಶುರುವಾಗಿ ನೂರಕ್ಕೂ ಹೆಚ್ಚು ಪಟ್ಟಣಗಳಿಗೆ ಹಬ್ಬಿತು. ಡಾಂಬರು ಆಮದಾಗಬೇಕು, ಕಲ್ಲು ಊರಲ್ಲೇ ಇದೆ. ಕಲ್ಲು ಒಡೆಯಲು, ಕೆತ್ತಲು, ಕೂರಿಸಲು ಸಾವಿರಾರು ಕೈ ಬೇಕು. ಉದ್ಯೋಗ ಕೊಡುವ ದೃಷ್ಟಿಯಿಂದ ಅದು ಜಾಣ ಯೋಜನೆ, ಹವಾಸಾ ಪಾರ್ಕಿಗಿಂತ ಜಾಣತನದ್ದು ಎಂದು ಈ ಲೇಖಕನಿಗೂ ಅನಿಸುತ್ತದೆ. ಪದವೀಧರರನ್ನೂ ಅದೇ ಕಲ್ಲು ಕೆತ್ತಲು ಕಳುಹಿಸತೊಡಗಿದಾಗ ಮಾತ್ರ ದೇಶದಲ್ಲಿ ಗುಲ್ಲೆದ್ದಿತು.

“ಕೆಲಸದಲ್ಲಿ ಮೇಲು ಕೀಳು ಇಲ್ಲ ಅಂತ ಸರ್ಕಾರ ಭಾಷಣ ಮಾಡಿತು. ಇರಬಹುದು. ವರ್ಷಗಟ್ಟಲೆ ಇಂಜಿನಿಯರಿಂಗ್ ಓದಿಸಿ ಕಲ್ಲು ಕೆತ್ತಿಸೋದಾದ್ರೆ ಆ ಓದಿನ ಖರ್ಚು ಯಾರ ತಲೆ ಮೇಲೆ?”

“ನಮ್ಮಲ್ಲಿ ಬಿ.ಇ. ಮಾಡಿದ ಹುಡುಗ್ರು ಡೆಲಿವರಿಗೆ ಹೋಗ್ತಿಲ್ವಾ ಸಾರ್?”

ಮೇಷ್ಟ್ರು ಅದಕ್ಕೆ ಉತ್ತರ ಕೊಡದೆ ಅಡಿಸ್ ಅಬಾಬಾದ ಅರಾತ್ ಕಿಲೋ ವೃತ್ತಕ್ಕೆ ಹಾರಿದರು. ಅಲ್ಲಿ ಸಾಲಾಗಿ ನೋಟಿಸ್ ಬೋರ್ಡುಗಳಿರುತ್ತಿದ್ದವು. ಊರಿನ ಖಾಲಿ ಹುದ್ದೆಗಳ ಜಾಹೀರಾತೆಲ್ಲ ಅದರ ಮೇಲೆ. ಬೋರ್ಡಿನ ಮುಂದೆ ಕತ್ತು ಚಾಚಿ, ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತ ನಿಂತ ಯುವಕರ ಗುಂಪು. ಊರಿನ ಅಂಚಿನಲ್ಲಿ ಅಗ್ಗದ ಬಾಡಿಗೆಗೆ ಇರುವವರು ಮಿನಿಬಸ್ಸು ಬದಲಾಯಿಸಿ ಅಲ್ಲಿಗೆ ಬರಬೇಕು. ವಾರಕ್ಕೆ ಎರಡು ಸಲ ಬಂದರೂ ಜೇಬು ಖಾಲಿ. ಕೈಯಲ್ಲಿದ್ದ ಕಾಸು ತೀರಿದ ಮೇಲೆ ಸಿಕ್ಕ ದಿನಗೂಲಿಗೆ ಒಪ್ಪಿಕೊಂಡು ಹುಡುಕಾಟ ನಿಲ್ಲಿಸುತ್ತಾರೆ. ಸಂಶೋಧಕರ ಒಂದು ತಂಡ ಅಲ್ಲಿ ಕೆಲವರಿಗೆ ಬಸ್ ಚಾರ್ಜು ಕೊಟ್ಟು ನೋಡಿತು. ಇನ್ನು ಕೆಲವರಿಗೆ ಅರ್ಜಿ ಬರೆಯುವುದು, ಸಂದರ್ಶನದಲ್ಲಿ ಮಾತಾಡುವುದು ಕಲಿಸಿ, ಪರೀಕ್ಷೆ ಮಾಡಿ, ಅಂಕಗಳ ಪ್ರಮಾಣಪತ್ರ ಕೊಟ್ಟಿತು. ಬಸ್ ಚಾರ್ಜಿನ ಲಾಭ ಬೇಗ ಮಾಸಿತು. ಕಲಿತು ಪ್ರಮಾಣಪತ್ರ ಪಡೆದವರ ಸಂಪಾದನೆ ನಾಲ್ಕು ವರ್ಷದ ನಂತರವೂ ಉಳಿದವರಿಗಿಂತ ಸುಮಾರು ಶೇ. 20 ಹೆಚ್ಚಿತ್ತು.

“ಅಷ್ಟು ಸಣ್ಣದಕ್ಕಾ?”

“ಸಣ್ಣದು ನಮಗೆ. ಮಾಮ ಚಿಕ್ಕಪ್ಪ ಯಾರೂ ಆಫೀಸಿನಲ್ಲಿ ಇಲ್ಲದ ಹುಡುಗನ ಕೈಯಲ್ಲಿ ಅವನ ಯೋಗ್ಯತೆ ತೋರಿಸೋಕೆ ಒಂದು ಹಾಳೆ ಬಂತಲ್ಲ.”

ಹೂವಿನ ವಿಷಯ ಬಂದಾಗ ಇಬ್ಬರಿಗೂ ಮುಜುಗರ, ಏಕೆಂದರೆ ಅದರಲ್ಲಿ ಬೆಂಗಳೂರಿನ ಹೆಸರಿದೆ. ಇಥಿಯೋಪಿಯಾದ ಎತ್ತರದ ತಂಪು ನೆಲದಲ್ಲಿ ಬೆಳೆದ ಗುಲಾಬಿ ರಾತ್ರೋರಾತ್ರಿ ವಿಮಾನವೇರಿ ನೆದರ್‌ಲ್ಯಾಂಡ್ಸ್ ಹರಾಜಿಗೆ ಹೋಗುತ್ತದೆ; ಆಫ್ರಿಕಾದಲ್ಲಿ ಕೀನ್ಯಾ ಬಿಟ್ಟರೆ ಹೂವಿನ ರಫ್ತಿನಲ್ಲಿ ಇಥಿಯೋಪಿಯಾವೇ. ಬೆಂಗಳೂರಿನ ಕರುತುರಿ ಗ್ಲೋಬಲ್ ಕಂಪನಿ ಅಡಿಸ್ ಬಳಿಯ ಹೊಲೆಟಾದಲ್ಲಿ ಗುಲಾಬಿ ಬೆಳೆಯಿತು, 2007ರಲ್ಲಿ ಕೀನ್ಯಾದ ನೈವಾಶಾದಲ್ಲಿ ದೊಡ್ಡ ತೋಟ ಕೊಂಡಿತು. ಅಲ್ಲಿಗೆ ನಿಂತಿದ್ದರೆ ಕಥೆ ಬೇರೆ ಇರುತ್ತಿತ್ತೇನೋ. ಪಶ್ಚಿಮದ ಗಾಂಬೆಲಾದಲ್ಲಿ ಭತ್ತ, ಜೋಳ, ತಾಳೆ, ಕಬ್ಬು ಬೆಳೆಯುತ್ತೇವೆಂದು ಹೇಳಿ 1 ಲಕ್ಷ ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಲಕ್ಷ ಎಕರೆ ಗುತ್ತಿಗೆಗೆ ಹಿಡಿಯಿತು. 2011ರಲ್ಲಿ ಬಾರೋ ನದಿ ಉಕ್ಕಿ ಮೊದಲ ದೊಡ್ಡ ಬೆಳೆಯನ್ನೇ ನುಂಗಿತು. ನೆಲ ಕಳೆದುಕೊಂಡೆವೆಂಬ ಸ್ಥಳೀಯರ ಕೂಗು ಬೇರೆ. 2015ರ ಕೊನೆಗೆ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಕೃಷಿ ಮಾಡಿದ್ದು 1,200 ಹೆಕ್ಟೇರ್ ಮಾತ್ರ ಎಂಬುದು ಅದು ಕೊಟ್ಟ ಕಾರಣ. ಅದಕ್ಕೂ ಮೊದಲೇ, 2014ರಲ್ಲಿ, ಕೀನ್ಯಾದ ತೋಟ ಸಾಲ ಕೊಟ್ಟವರ ಕೈ ಸೇರಿತ್ತು.

“ಅಷ್ಟು ಜಮೀನು ಒಬ್ಬರಿಗೆ ಕೊಟ್ಟರೆ ಕೆಲಸ ಸಿಗುತ್ತೆ ಅಂತ ಹೇಳಿದ ಮಂತ್ರಿ ಯಾರೋ,” ಎಂದರು ಆಕೆ. “ಟ್ರ್ಯಾಕ್ಟರ್ ಓಡಿಸೋ ಕಡೆ ಆಳು ಯಾಕೆ ಬೇಕು? ಗುಲಾಬಿ ತೋಟ ಆದ್ರೆ ಬೇಕು. ಮೊಗ್ಗು ಕುಯ್ಯೋಕೆ, ಮುಳ್ಳು ಬಿಡಿಸೋಕೆ, ಕಟ್ಟು ಕಟ್ಟೋಕೆ ಕೈನೇ ಆಗಬೇಕು.”

ಮೇಷ್ಟ್ರು ಇದನ್ನು ಮರುಮಾತಿಲ್ಲದೆ ಒಪ್ಪಿದರು; ಆ ಸಂಜೆ ಒಪ್ಪಿದ್ದು ಅದೊಂದನ್ನೇ.

ಮತ್ತೆ ಹವಾಸಾ ಮಾತಿಗೆ ಬಂದರೆ, ಆ ಪಾರ್ಕ್ ಮುರಿದದ್ದು ಬಾಡಿಗೆಯಿಂದಲ್ಲ, ಹುಡುಗಿಯರು ಬಿಟ್ಟು ಹೋದದ್ದರಿಂದಲೂ ಅಲ್ಲ. 2020ರ ನವೆಂಬರ್‌ನಲ್ಲಿ ಉತ್ತರದ ಟಿಗ್ರಾಯ್‌ನಲ್ಲಿ ಯುದ್ಧ ಶುರುವಾಯಿತು. ಹವಾಸಾ ಇರುವುದು ದಕ್ಷಿಣದಲ್ಲಿ. ಅಲ್ಲಿ ಗುಂಡಿನ ಸದ್ದೂ ಕೇಳಲಿಲ್ಲ. ಆದರೆ ಅಲ್ಲಿ ಹೊಲಿದ ಅಂಗಿಯ ಲಾಭವೆಲ್ಲ ನಿಂತದ್ದು ಅಮೆರಿಕದ ಆಗೋವಾ ಕಾಯ್ದೆಯ ಮೇಲೆ. 2000ದಲ್ಲಿ ಬಂದ ಈ ಕಾಯ್ದೆಯಡಿ ಪಟ್ಟಿಯಲ್ಲಿದ್ದ ಆಫ್ರಿಕಾದ ದೇಶಗಳ ಬಟ್ಟೆಗೆ ಅಮೆರಿಕದಲ್ಲಿ ಆಗ ಸುಂಕವಿರಲಿಲ್ಲ. ಇಲ್ಲದಿದ್ದರೆ ಬಟ್ಟೆಯ ಬಗೆ ನೋಡಿ ಶೇ. 15ರಿಂದ 30ರಷ್ಟು ತೆರಬೇಕಿತ್ತು. ಯುದ್ಧದಲ್ಲಿ ಮಾನವ ಹಕ್ಕುಗಳ ಉಲ್ಲಂಘನೆಯಾಗಿದೆಯೆಂದು ಅಮೆರಿಕ 2022ರ ಜನವರಿ 1ರಿಂದ ಇಥಿಯೋಪಿಯಾವನ್ನು ಪಟ್ಟಿಯಿಂದ ಕೈಬಿಟ್ಟಿತು. ಅದಕ್ಕೂ ಮುನ್ನವೇ, ನವೆಂಬರ್‌ನಲ್ಲಿ, ಪಿವಿಎಚ್ ತನ್ನ ಫ್ಯಾಕ್ಟರಿ ಮುಚ್ಚುವುದಾಗಿ ಹೇಳಿ ಹೊರಟಿತ್ತು. 2022ರ ನವೆಂಬರ್‌ನಲ್ಲಿ ಪ್ರಿಟೋರಿಯಾದಲ್ಲಿ ಶಾಂತಿ ಒಪ್ಪಂದವಾಯಿತು. ಆರ್ಡರ್ ಮಾತ್ರ ಹಿಂದಿರುಗಲಿಲ್ಲ.

“ಬೆಳಗ್ಗೆ ಲೈನ್‌ಗೆ ಬಂಡಲ್ ಬರೋದು ನಿಂತಿತು. ಮೊದಲು ಒಂದು ಶಿಫ್ಟು, ಆಮೇಲೆ ಎರಡು ದಿನ ರಜೆ, ಆಮೇಲೆ ಅರ್ಧ ಸಂಬಳ. ಹುಡುಗಿಯರು ನನ್ನನ್ನ ಕೇಳೋರು, ನಾವೇನು ಮಾಡಿದ್ವಿ ಅಂತ. ಯುದ್ಧ ಮಾಡಿದೋರು ಯಾರೋ, ಪಟ್ಟಿ ಬರೆಯೋರು ಇನ್ಯಾರೋ. ಏನು ಹೇಳಲಿ?”

ಮೇಷ್ಟ್ರಿಗೆ ಇದರಲ್ಲಿ ಯುದ್ಧಕ್ಕಿಂತ ಹಳೆಯ ತಪ್ಪು ಕಾಣುತ್ತಿತ್ತು. ಬಟ್ಟೆ ಹೊರಗಿನದು, ದಾರ ಹೊರಗಿನದು, ಗುಂಡಿ, ಜಿಪ್ಪು, ಲೇಬಲ್ಲು, ಪ್ಯಾಕಿಂಗಿನ ರಟ್ಟು ಎಲ್ಲ ಜಿಬೂಟಿ ಬಂದರಿನಿಂದ ಲಾರಿಯಲ್ಲಿ ಬರಬೇಕು. ಹೊಲಿದದ್ದು ಅದೇ ದಾರಿಯಲ್ಲಿ ಹೋಗಬೇಕು. ದೇಶದೊಳಗೆ ಉಳಿಯುತ್ತಿದ್ದದ್ದು ಆ 26 ಡಾಲರ್ ಮಾತ್ರ. ಅವಾಶ್, ಓಮೋ ಕಣಿವೆಗಳಲ್ಲಿ ಹತ್ತಿ ಬೆಳೆಯುತ್ತದೆ. ಆಫ್ರಿಕಾದಲ್ಲೇ ಅತಿ ಹೆಚ್ಚು ದನಕರುಗಳಿರುವ ದೇಶ ಅದು, ಚರ್ಮಕ್ಕೆ ಬರವಿಲ್ಲ. ಹತ್ತಿಯಿಂದ ನೂಲು, ನೂಲಿನಿಂದ ಬಟ್ಟೆ ಎಂದು ಕೊಂಡಿ ಕೂಡಿಸಿದ್ದರೆ ಒಬ್ಬ ಹೊರಟರೆ ಎಲ್ಲ ಮುಳುಗುತ್ತಿರಲಿಲ್ಲ ಎಂಬುದು ಅವರ ನಂಬಿಕೆ. 2004ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ದೇಶ ವರ್ಷಕ್ಕೆ ಸುಮಾರು ಶೇ. 10ರಂತೆ ಬೆಳೆಯಿತು, ಜಗತ್ತೆಲ್ಲ ಹೊಗಳಿತು. ಆ ಬೆಳವಣಿಗೆಯಲ್ಲಿ ರಸ್ತೆ, ಅಣೆಕಟ್ಟು, ಕಟ್ಟಡಗಳ ಪಾಲು ದೊಡ್ಡದು. ಉತ್ಪಾದನಾ ಕೈಗಾರಿಕೆಯ ಪಾಲು ಜಿಡಿಪಿಯ ಶೇ. 10 ಕೂಡ ಮುಟ್ಟಲಿಲ್ಲ.

“ನೂಲಿನ ಗಿರಣಿ ಕಟ್ಟೋಕೆ ಹತ್ತು ವರ್ಷ ಬೇಕು ಸಾರ್. ಹುಡುಗಿಗೆ ಈ ತಿಂಗಳೇ ದುಡ್ಡು ಬೇಕು,” ಎಂದರು ಆಕೆ. ದುಡ್ಡು ಬೇಕಾದವರು ಕೊಲ್ಲಿ ದೇಶಗಳಿಗೆ ಹೋಗುತ್ತಿದ್ದರು, ಮನೆಗೆಲಸಕ್ಕೆ. ಹೋಗುವ ದಾರಿ ಕೆಲವೊಮ್ಮೆ ಕಳ್ಳದೋಣಿ ಹತ್ತಿ ಯೆಮೆನ್ ಮೇಲೆ. 2013ರ ಕೊನೆಯಲ್ಲಿ ಸೌದಿ ಅರೇಬಿಯ ಕೆಲವೇ ತಿಂಗಳಲ್ಲಿ 1.6 ಲಕ್ಷಕ್ಕೂ ಹೆಚ್ಚು ಇಥಿಯೋಪಿಯನ್ನರನ್ನು ವಿಮಾನ ಹತ್ತಿಸಿ ವಾಪಸು ಕಳಿಸಿತು. ಆಕೆಯ ತರಬೇತಿಗೆ ಹಾಗೆ ಬಂದವರೂ ಇದ್ದರು. ಅವರು ಕಾಗದದ ಮೇಲಿನ ಗೆರೆಯನ್ನು ಬೇಗ ಕಲಿಯುತ್ತಿದ್ದರಂತೆ. ಸಂಬಳದ ಚೀಟಿ ನೋಡಿ ಬೇಗ ಹೋಗುತ್ತಿದ್ದವರೂ ಅವರೇ.

ಹಳ್ಳಿಯಲ್ಲೇ ಉಳಿದವರ ಮಾತೇನು? ದುಡಿಯುವವರಲ್ಲಿ ಬಹುಪಾಲು ಇಂದಿಗೂ ಬೇಸಾಯದಲ್ಲಿದ್ದಾರೆ. ಕಾಫಿ ಬೆಳೆಯುವ ಸಣ್ಣ ಬೆಳೆಗಾರರ ಕುಟುಂಬಗಳೇ 40 ಲಕ್ಷಕ್ಕೂ ಹೆಚ್ಚು. ನಮ್ಮ ಉದ್ಯೋಗ ಖಾತರಿ ಕಾಯ್ದೆ ಬಂದ 2005ರಲ್ಲೇ ಇಥಿಯೋಪಿಯಾ ಕೂಡ ಬರಪೀಡಿತ ಜಿಲ್ಲೆಗಳಿಗೆ ಇಂಥದ್ದೊಂದು ಯೋಜನೆ ತಂದಿತು. ಸುಮಾರು 80 ಲಕ್ಷ ಜನರನ್ನು ಮುಟ್ಟಿತು. ಬಿತ್ತನೆಯಿಲ್ಲದ ಆರು ತಿಂಗಳು, ಮನೆಯ ಪ್ರತಿ ತಲೆಗೆ ತಿಂಗಳಿಗೆ ಐದು ದಿನ ಕೆಲಸ: ಬದು ಹಾಕುವುದು, ಗುಡ್ಡಕ್ಕೆ ಮೆಟ್ಟಿಲು ಕಟ್ಟುವುದು, ಕೆರೆ ತೋಡುವುದು. ಕೂಲಿ ನಗದಾಗಿ ಅಥವಾ ಕಾಳಾಗಿ. ನಮ್ಮ ಕಾಯ್ದೆ ಕೆಲಸವನ್ನು ಹಕ್ಕು ಎಂದಿತ್ತು, ಅಲ್ಲಿ ಪಟ್ಟಿಯಲ್ಲಿ ಹೆಸರಿದ್ದವರಿಗಷ್ಟೇ. ಹಣದಲ್ಲೂ ಬಹುಪಾಲು ಹೊರದೇಶದ ದಾನಿಗಳದ್ದು. ಆದರೂ ಬರ ಬಂದಾಗ ಎತ್ತು ಮಾರಿ ಊರು ಬಿಡುವುದನ್ನು ಅದು ತಡೆಯಿತು. ಎತ್ತು ಉಳಿದರೆ ಮುಂದಿನ ವರ್ಷದ ಕೆಲಸ ಉಳಿದ ಹಾಗೆ. ಕೈಗಾರಿಕಾ ಪಾರ್ಕಿನ ಉದ್ಘಾಟನೆಗೆ ಟಿವಿ ಕ್ಯಾಮೆರಾ ಬರುತ್ತದೆ. ಉಳಿದ ಎತ್ತಿಗೆ ಬರುವುದಿಲ್ಲ.

“ಸರ್ಕಾರ ನಿಮ್ಮ ಕೈಲಿ ಕೊಟ್ರೆ ಏನು ಮಾಡ್ತೀರಿ?” ಮೇಷ್ಟ್ರು ಕೇಳಿದರು.

“ಶೆಡ್ ಕಟ್ಟೋಕೆ ಮೊದಲು ಹಾಸ್ಟೆಲ್ ಕಟ್ತೀನಿ. ಬಸ್ಸು ಹಾಸ್ಟೆಲ್ ಬಾಗಿಲಿಗೆ ಬರಬೇಕು. ಸಂಬಳಕ್ಕೆ ಒಂದು ಕೆಳಗಿನ ಮಿತಿ ಹಾಕ್ತೀನಿ. ಕಂಪನಿ ಓಡಿಹೋಗಲ್ಲ, ಆರು ತಿಂಗಳು ಆಪರೇಟರ್ ನಿಂತಳು ಅಂದ್ರೆ ಅವರಿಗೇ ಲಾಭ.”

“ಕೆಲವರು ಓಡಿಹೋಗ್ತಾರೆ.”

“ಹೋಗಲಿ. ಅಂಥೋರು ಹೇಗಿದ್ರೂ ಹೋಗೋರೇ.”

ಆಕೆಯಿಂದ ಹೊಲಿಗೆ ಕಲಿತ ಹುಡುಗಿಯೊಬ್ಬಳು ಈಗಲೂ ಫೋನಿನಲ್ಲಿ ಸಂದೇಶ ಕಳಿಸುತ್ತಾಳೆ. ಪಾರ್ಕ್ ಬಿಟ್ಟು ಊರಿಗೆ ಮರಳಿದವಳು ಇನ್ನಿಬ್ಬರ ಜತೆ ಸೇರಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಕಾಲಿನಿಂದ ತುಳಿಯುವ ಹಳೆಯ ಮಿಷನ್ನುಗಳು. ಫ್ಯಾಕ್ಟರಿಯ ರಿಜಿಸ್ಟರಿನಲ್ಲಿ ಅವಳು ಕೆಲಸ ಬಿಟ್ಟವಳು. ಪಾರ್ಕಿನ 60,000ದ ಗುರಿಯಲ್ಲಿ ಒಂದು ಕಡಿಮೆ. ಸರ್ಕಾರದ ಸಮೀಕ್ಷೆಯಲ್ಲಿ ಸ್ವಂತ ಉದ್ಯೋಗಿ.

“ನೋಡಿ, ಫ್ಯಾಕ್ಟರಿ ಕಲಿಸಿದ್ದು ವ್ಯರ್ಥ ಆಗಲಿಲ್ಲ,” ಎಂದರು ಆಕೆ.

“ಫ್ಯಾಕ್ಟರಿ ಬಿಟ್ಟದ್ದೂ ವ್ಯರ್ಥ ಆಗಲಿಲ್ಲ,” ಎಂದರು ಮೇಷ್ಟ್ರು.

ಅವಳಿಗೀಗ ಓವರ್‌ಲಾಕ್ ಮಿಷನ್ ಬೇಕು; ಅಂಚು ಕಟ್ಟದ ಸಮವಸ್ತ್ರ ಎರಡು ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ, ಶಾಲೆಯವರು ದೂರುತ್ತಾರೆ. ಐದು ಜನ ಒಬ್ಬರಿಗೊಬ್ಬರು ಜಾಮೀನು ನಿಂತರೆ ಕಿರುಸಾಲ ಸಂಸ್ಥೆ ಸಾಲ ಕೊಡುತ್ತದೆ, ಅವರು ಮೂವರೇ. ಮೇಷ್ಟ್ರು ಹಣಕಾಸಿನ ವಿಷಯಕ್ಕಿಳಿದರು: 2024ರ ಜುಲೈ ಕೊನೆಯಲ್ಲಿ ಇಥಿಯೋಪಿಯಾದ ಹಣವಾದ ಬಿರ್‌ನ ಬೆಲೆಯನ್ನು ಸರ್ಕಾರ ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ 57ರ ಆಸುಪಾಸಿನಲ್ಲಿದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು. ರಫ್ತು ಮಾಡುವವರಿಗೆ ಅನುಕೂಲ, ಕಾಫಿ ಬೆಳೆಗಾರನಿಗೂ ನಾಲ್ಕು ಕಾಸು ಹೆಚ್ಚು. ಆದರೆ ಮಿಷನ್ ಬರುವುದು ಚೀನಾದಿಂದ.

“ಅಂದ್ರೆ ಅವಳ ಓವರ್‌ಲಾಕ್‌ನ ಬೆಲೆ ಹೆಚ್ಚುಕಡಿಮೆ ಎರಡರಷ್ಟಾಯ್ತು,” ಎಂದರು ಮೇಷ್ಟ್ರು.

“ಎರಡರಷ್ಟಾದ್ರೂ ಸಿಗುತ್ತಲ್ಲ ಸಾರ್. ಮುಂಚೆ ಡಾಲರ್ ಇಲ್ಲ ಅಂತ ಅಂಗಡಿಯವನು ತರಿಸ್ತಾನೇ ಇರಲಿಲ್ಲ. ಇನ್ನಿಬ್ಬರು ಜೊತೆಗಾರರನ್ನ ಹುಡುಕೋಕೆ ಹೇಳಿದೀನಿ.”